ವೆಲ್ಟಾ ಅಳಿಸದ ನಾಲ್ಕು ಸ್ವರ

ರೀಗಾದ ವಾದ್ಯವೃಂದದಲ್ಲಿ ವೆಲ್ಟಾ ನುಡಿಸಿದ್ದು ಏನೂ ಇಲ್ಲ. ನಲವತ್ತು ವರ್ಷ ಬರೆದಳು, ಅಷ್ಟೆ. ಎಲ್ಲ ವಾದ್ಯಗಳ ಸ್ವರವೂ ಒಟ್ಟಿಗಿರುವ ಸಂಯೋಜಕನ ದೊಡ್ಡ ಪ್ರತಿಯಿಂದ ಪಿಟೀಲಿನವರಿಗೆ ಬೇರೆ, ಕ್ಲಾರಿನೆಟ್ಟಿನವರಿಗೆ ಬೇರೆ ಎಂದು ಹಾಳೆಗಳಿಗೆ ಸ್ವರ ಇಳಿಸುವುದು ಅವಳ ಕೆಲಸ. ಕೈಬರಹ ಮುತ್ತು ಪೋಣಿಸಿದ ಹಾಗೆ.

೧೯೫೦ರಲ್ಲಿ ಸಂಯೋಜಕ ಆಲ್ಫೋನ್ಸನ ಸಿಂಫನಿ ಜನವಿರೋಧಿ ಎಂದು ಸರ್ಕಾರದವರು ಅವನನ್ನು ಸೈಬೀರಿಯಾಕ್ಕೆ ಸಾಗಿಸಿದರು. ಅವನು ಮರಳಲಿಲ್ಲ. ದೊಡ್ಡ ಪ್ರತಿಯನ್ನು ಸುಟ್ಟರು. ವಾದ್ಯಗಾರರ ಹಾಳೆಗಳಿಗೆಂದು ಬಂದ ಅಧಿಕಾರಿ ರಟ್ಟಿನ ಮೇಲಿನ ಹೆಸರು ನೋಡಿ ಹೊತ್ತುಕೊಂಡು ಹೋದ. ಒಳಗಿದ್ದದ್ದು ಯಾವುದೋ ಹಳೆಯ ವಾಲ್ಟ್ಸ್ ಕುಣಿತದ ಸಂಗೀತ! ಸ್ವರ ಓದಲು ಬಾರದವನ ಕಣ್ಣಿಗೆ ಮಣ್ಣೆರಚಿದಾಗ ವೆಲ್ಟಾಗೆ ಮೂವತ್ತು. ಎಂಥ ಗುಂಡಿಗೆ ಅದು! ಸಿಕ್ಕಿಬಿದ್ದಿದ್ದರೆ ಅವಳೂ ಅದೇ ರೈಲು ಹತ್ತಬೇಕಿತ್ತು.

ಮೂವತ್ತೆಂಟು ವರ್ಷದ ಮೇಲೆ ಸರ್ಕಾರದ ಬಿಗಿ ಸಡಿಲವಾಗಿ, ಸಿಂಫನಿ ನುಡಿಸಲು ಅಪ್ಪಣೆ ಸಿಕ್ಕಿತು. ಬಚ್ಚಿಟ್ಟ ಹಾಳೆಗಳನ್ನು ಸೇರಿಸಿ ವೆಲ್ಟಾ ದೊಡ್ಡ ಪ್ರತಿಯನ್ನು ಮತ್ತೆ ಬರೆದಳು. ತಾಲೀಮಿನಲ್ಲಿ ನಿರ್ದೇಶಕ ಇಮಂಟ್ಸ್ ಕೋಲು ಕೆಳಗಿಟ್ಟ.

"ವೆಲ್ಟಮ್ಮಾ, ಕ್ಲಾರಿನೆಟ್ಟಿನ ಈ ನಾಲ್ಕು ಸ್ವರ ಕಿವಿಗೆ ಚುಚ್ತಾವೆ. ಅವರು ಬರೆದದ್ದಾ, ನಿಮ್ಮ ಕೈತಪ್ಪಾ?"

"ನಂದೇ. ಕ್ಲಾರಿನೆಟ್ಟಲ್ಲಿ ಎರಡು ಅಳತೆ ಇರುತ್ತಲ್ಲ, ಒಂದರದ್ದನ್ನ ಇನ್ನೊಂದಕ್ಕೆ ಬರೆದ್ಬಿಟ್ಟೆ. ಅರ್ಧ ಸ್ವರ ಮೇಲೆ ಹೋಯ್ತು."

"ಹಂಗಾದ್ರೆ ತಿದ್ದೋಣ."

"ಮುಟ್ಟಿದ್ರೆ ನೋಡು! ಆಗಿನ ತಾಲೀಮಲ್ಲಿ ಆಲ್ಫೋನ್ಸ್ ಮೂರು ಸಲ ನುಡಿಸಿ ಕೇಳಿ ನಕ್ಕ. 'ಇರ್ಲಿ ಬಿಡು, ಒಬ್ಬನಾದ್ರೂ ಸಾಲು ಬಿಟ್ಟು ನಡೀಲಿ' ಅಂದ. ಮಾರನೇ ದಿನ ಹಿಡ್ಕೊಂಡು ಹೋದ್ರು."

"ಅಲ್ಲಿದ್ದೋರು ಯಾರಾದ್ರೂ..."

"ಯಾರೂ ಬದುಕಿಲ್ಲಪ್ಪ."

ಇಮಂಟ್ಸ್ ತಲೆ ಕೆರೆದುಕೊಂಡು, ಹಾಗೇ ಬಿಟ್ಟ. ಆದರೆ ವೆಲ್ಟಾಳ ತಲೆಗೇ ಹುಳ ಹೊಕ್ಕಿತು. ಅವನು ನಿಜಕ್ಕೂ ಹಾಗೆಂದನೇ, ಇಲ್ಲ ತನ್ನ ತಪ್ಪು ಮುಚ್ಚಿಕೊಳ್ಳಲು ತಾನೇ ಕಟ್ಟಿಕೊಂಡ ಮಾತೇ? ಸತ್ತವನ ಸಂಗೀತವನ್ನು ಉಳಿಸಿದವಳೇ ಕೆಡಿಸಿದ್ದಾಳೆಯೇ?

ಕಛೇರಿಯ ದಿನ ಅವಳ ಪಕ್ಕದಲ್ಲಿ ಕೂತವಳು ಆಲ್ಫೋನ್ಸನ ಹೆಂಡತಿ ಮಿಲ್ಡಾ. ಗಂಡನ ಹಿಂದೆಯೇ ಗಡೀಪಾರಾಗಿ, ದೂರದ ಹಳ್ಳಿಯಲ್ಲೇ ನಿಂತವಳು ಅಂದೇ ಬಂದಿಳಿದಿದ್ದಳು. ಮಡಿಲಲ್ಲಿ ಆರು ಬಿಳಿ ಸೇವಂತಿಗೆ. ರೀಗಾದ ಕಡೆ ಬದುಕಿದ್ದವರಿಗೆ ಕೊಡುವುದು ಬೆಸಸಂಖ್ಯೆಯ ಹೂವು, ಸತ್ತವರಿಗೆ ಸಮಸಂಖ್ಯೆಯದು.

ಕ್ಲಾರಿನೆಟ್ಟಿನ ಸರದಿ ಬಂತು. ವೆಲ್ಟಾ ಕಣ್ಣು ಮುಚ್ಚಿದಳು. ನಾಲ್ಕು ಸ್ವರ ಸಾಲು ಬಿಟ್ಟು ನಡೆದವು.

ಮಿಲ್ಡಾ ಗಟ್ಟಿಯಾಗಿ ನಕ್ಕಳು. ಮುಂದಿನವರು ತಿರುಗಿ ನೋಡಿದರು.

"ನಿನ್ನ ಎಡವಟ್ಟು ಇದೇ ಅಲ್ವೇನೇ?" ಎಂದು ಪಿಸುಗುಟ್ಟಿದಳು. "ಹಿಡ್ಕೊಂಡು ಹೋಗೋ ಹಿಂದಿನ ರಾತ್ರಿ ಊಟಕ್ಕೆ ಕೂತು ಇದನ್ನೇ ಗುನುಗಿ ಗುನುಗಿ ನಕ್ಕಿದ್ರು ಕಣೇ. ನಮ್ಮನೇಲಿ ಅವರು ನಕ್ಕಿದ್ದು ಅದೇ ಕೊನೆ."

ವೆಲ್ಟಾಗೆ ಅಳು ತಡೆಯಲಾಗಲಿಲ್ಲ. ಮಿಲ್ಡಾ ಒಂದು ಹೂವನ್ನು ಎಳೆದು ಅವಳ ಕೈಗಿಟ್ಟಳು. ಆಲ್ಫೋನ್ಸನಿಗೆಂದು ವೇದಿಕೆಗೆ ಒಯ್ಯಲು ಮಡಿಲಲ್ಲಿ ಐದು ಉಳಿದವು.