ಹಿಡಿಕೆ ಯಾವ ಕಡೆ?

ನಿಂಬೆಕಾಯಿಗಳನ್ನು ಗಾತ್ರ ನೋಡಿ ಬೇರ್ಪಡಿಸುವ, ಕೈಯಿಂದ ತಿರುಗಿಸುವ ಯಂತ್ರ ಅದು. ನಾನು ಸಿಂದಗಿಯಲ್ಲಿ, ಜೊತೆಯ ಎಂಜಿನಿಯರ್ ಶೈಲಜಾ ಮೈಸೂರಿನಲ್ಲಿ ಕೂತು ಇಂಟರ್ನೆಟ್ಟಿನಲ್ಲೇ ಒಂದೇ ನಕ್ಷೆ ಬಿಡಿಸುತ್ತಿದ್ದೆವು. ನಾನು ಬಲಕ್ಕಿಟ್ಟ ಹಿಡಿಕೆ ಬೆಳಗಾದರೆ ಎಡಕ್ಕೆ ಹೋಗಿರುತ್ತಿತ್ತು. ಸಾಫ್ಟ್‌ವೇರಿನ ದೋಷವೆಂದುಕೊಂಡು ಸುಮ್ಮನೆ ತಿದ್ದುತ್ತಿದ್ದೆ. ನಕ್ಷೆಯನ್ನು ವರ್ಕ್‌ಶಾಪಿಗೆ ಕಳಿಸಬೇಕಾದ ದಿನವೂ ಹಾಗೇ ಆದಾಗ ಫೋನ್ ಮಾಡಿದೆ.

“ಮೇಡಂ, ನಿಮ್ಮ ಕಂಪ್ಯೂಟರ್‌ನ್ಯಾಗ ಏನೋ ಕೆಟ್ಟೈತ್ರಿ. ಹಿಡಿಕಿ ತಾನ ಎಡಕ್ಕ ಹೋಗಾಕತ್ತೈತಿ.”

“ಅಯ್ಯೋ, ಎಡಕ್ಕೆ ಹಾಕ್ತಿರೋಳು ನಾನೇ ಸಾರ್! ನಾನು ಎಡಗೈಯವಳು. ನಿಮ್ಮ ಕಂಪ್ಯೂಟರೇ ಕೆಟ್ಟಿದೆ ಅಂದ್ಕೊಂಡಿದ್ದೆ.”

ಕೊನೆಗೆ ಎರಡೂ ಕಡೆ ಹಿಡಿಕೆ ಇಟ್ಟೆವು.

ಈಗ ಇಂಡಿ ತಾಲ್ಲೂಕಿನ ಒಂದು ನಿಂಬೆ ತೋಟದಲ್ಲಿ ಗಂಡ ಹೆಂಡತಿ ಎದುರುಬದುರು ನಿಂತು ಅದನ್ನು ತಿರುಗಿಸುತ್ತಾರೆ. ನಮ್ಮ ಹಾಗಲ್ಲ, ಮಾತಾಡಿಕೊಂಡೇ.