ಬೇವಿನಮರದ ಹೊಲದಲ್ಲಿ ಚನ್ನಾಜಮ್ಮನ ಹೊನ್ನಾರು

ಹೆಮ್ಮರಗಾಲದಲ್ಲಿ ಚನ್ನಾಜಮ್ಮನ ಹೊಸ ಮನೆ ಮೊದಲು ಎದ್ದದ್ದು ಅವಳ ಬಾಯಲ್ಲಿ. ಯುಗಾದಿ ಕಳೆದ ಮಾರನೆಯ ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೋದವಳು ಕ್ಯಾನು ಕೆಳಗಿಡುವ ಮೊದಲೇ ಪಾಯ ತೋಡಿದಳು, ಹಾಲು ಅಳೆಯುವಷ್ಟರಲ್ಲಿ ಗೋಡೆ ಎಬ್ಬಿಸಿದಳು, ಬೀದಿ ತಿರುಗಿ ಮನೆ ಸೇರುವಷ್ಟರಲ್ಲಿ ತಾರಸಿ ಹಾಕಿ, ಬಾಗಿಲಿಗೆ ತೋರಣವನ್ನೂ ಕಟ್ಟಿಬಿಟ್ಟಿದ್ದಳು. ದಾರಿಯಲ್ಲಿ ಎದುರಾದವರಿಗೆಲ್ಲ ಗೃಹಪ್ರವೇಶದ ಊಟಕ್ಕೆ ಹೇಳಿದ್ದೂ ಆಯಿತು.

ಅವಳ ಸಂಭ್ರಮಕ್ಕೆ ಕಾರಣವಿತ್ತು. ಇದ್ದ ಮನೆ ಹಳೇ ಬೀದಿಯಲ್ಲಿ, ಎರಡೂ ಕಡೆ ಗೋಡೆಗೆ ಗೋಡೆ ಅಂಟಿಕೊಂಡದ್ದು. ಹಿಂದುಗಡೆ ಹಸು ಮಗ್ಗುಲು ತಿರುಗಿದರೆ ಅದರ ಬಾಲ ಅಡುಗೆಮನೆ ಕಿಟಕಿಯೊಳಗೆ ಬಂದು ಸಾರಿನ ಪಾತ್ರೆ ಮುಟ್ಟುತ್ತಿತ್ತು. ಗಂಡ ಬಸವಯ್ಯ ತೀರಿಕೊಂಡು ಕೆಲವು ವರ್ಷವಾಗಿತ್ತು. ಮಗ ಅಮೃತೇಶ್ ನಂಜನಗೂಡಿನ ಕಾರ್ಖಾನೆಗೆ ಹೋಗಿ ಬರುತ್ತಿದ್ದ. ಸೊಸೆ ನಂದಿತಾ ಹೊಸದಾಗಿ ಬಂದವಳು, ಅತ್ತೆಯಷ್ಟೇ ಮಾತುಗಾತಿ. ಅತ್ತೆ ಸೊಸೆ ಕೂತು ಮಾತಾಡಿದರೆ ಮನೆಗೆ ಮಹಡಿ ಏರುತ್ತಿತ್ತು, ಕೊಟ್ಟಿಗೆಗೆ ಫ್ಯಾನು ಬರುತ್ತಿತ್ತು.

ಮನೆ ಕಟ್ಟಬೇಕೆಂದಿದ್ದ ಜಾಗ ರಸ್ತೆ ಪಕ್ಕದ ಬೇವಿನಮರದ ಹೊಲದ ಒಂದು ಮೂಲೆ. ಹೊಲ ಚಿಕ್ಕಸ್ವಾಮಿಯದು. ಅವನ ಮನೆಗೂ ಬಸವಯ್ಯನ ಮನೆಗೂ ತಾತಂದಿರ ಕಾಲದ ನಂಟು, ಜಾತಿ ಬೇರೆಯಾದರೂ ಬಾಂಧವ್ಯ ಗಟ್ಟಿ. ಬಸವಯ್ಯನನ್ನು ಅಣ್ಣ ಅಂತಿದ್ದವನು, ಚನ್ನಾಜಮ್ಮನನ್ನು ಅತ್ಗೆ ಅಂತಿದ್ದ. ಅವಳು ಕೇಳಿದ ದಿನವೇ ಎಲೆ ಅಡಿಕೆ ಕೊಟ್ಟು, ಮೂಲೆ ನಿಮ್ಮದೇ, ಅಳತೆ ಮಾಡಿಸಿ ಬರೆಸಿಕೊಳ್ಳಿ ಅಂದಿದ್ದ.

ಅಳತೆಗೆ ಸರ್ವೇಯರ್ ಪ್ರೇಮ್‌ಕುಮಾರ್ ಬಂದದ್ದು ಮಳೆಗಾಲ ಕಳೆದ ಮೇಲೆ. ಬೇವಿನಮರದ ನೆರಳಲ್ಲಿ ನಕ್ಷೆ ಹಾಸಿಕೊಂಡು, ಎರಡೂ ಮನೆಯವರ ಪಹಣಿ ಇಸಿದುಕೊಂಡು, ಒಮ್ಮೆ ಕಾಗದ ನೋಡಿದ, ಒಮ್ಮೆ ಹೊಲ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಅಮ್ಮಾ, ಈ ಹೊಲ ನಿಮ್ಮ ಮಾವ ಮಹದೇವಯ್ಯನವರ ಹೆಸರಲ್ಲೇ ಇದೆಯಲ್ಲ. ನಿಮ್ಮದನ್ನ ನೀವೇ ಯಾಕೆ ಕೊಂಡ್ಕೋತಾ ಇದೀರಿ?"

ಚನ್ನಾಜಮ್ಮ ನಕ್ಕಳು. ಚಿಕ್ಕಸ್ವಾಮಿಯೂ ನಕ್ಕ. ಸರ್ವೇಯರ್ ನಗಲಿಲ್ಲ. ಹಾಗಾದರೆ ನಾವು ಉಳುತ್ತಾ ಇರುವ ಕಾಲುವೆ ಗದ್ದೆ ಯಾರದು ಸಾ, ಅಂತ ಅವಳು ಕೇಳಿದಳು. ಅದು ಚಿಕ್ಕಸ್ವಾಮಿಯವರ ತಾತನ ಹೆಸರಲ್ಲಿದೆ ಅಂತ ಅವನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದ.

ಇಷ್ಟು ವರ್ಷ ಇದು ಯಾರಿಗೂ ತಿಳಿಯದೆ ಇದ್ದದ್ದು ಹೇಗೆ ಅಂತೀರಾ? ಕಾಗದದಲ್ಲಿ ಇರುವುದು ನಂಬರು, ಊರವರ ಬಾಯಲ್ಲಿ ಇರುವುದು ಬೇವಿನಮರದ ಹೊಲ, ಕಾಲುವೆ ಗದ್ದೆ. ಆ ನಂಬರನ್ನೂ ಈ ನೆಲವನ್ನೂ ಪಕ್ಕಪಕ್ಕ ಇಟ್ಟು ನೋಡಿದವರೇ ಇರಲಿಲ್ಲ. ಇವರ ನಂಬರಿಗೆ ಇವರು ಕಂದಾಯ ಕಟ್ಟುತ್ತಿದ್ದರು, ಅವರ ನಂಬರಿಗೆ ಅವರು. ಇಬ್ಬರೂ ಉಳುತ್ತಿದ್ದದ್ದು ಇನ್ನೊಬ್ಬರ ನೆಲ.

ಆ ಸಂಜೆ ಚನ್ನಾಜಮ್ಮನ ಮನೆಯಲ್ಲಿ ಹಬ್ಬ. ಮೂಲೆ ಏನು, ಹೊಲವೇ ನಮ್ಮದು ಅಂತ ಅಮೃತೇಶ್ ಕುಣಿದ. ನಂದಿತಾ ಮೊಬೈಲಿನಲ್ಲಿ ಮನೆಯ ಚಿತ್ರ ಬರೆದು, ಅಂಗಳವನ್ನು ರಸ್ತೆಯವರೆಗೂ ಎಳೆದಳು. ಚನ್ನಾಜಮ್ಮ ಹಸುಗಳಿಗೂ ಸುದ್ದಿ ಹೇಳಿ ಒಂದೊಂದು ಹಿಡಿ ಬೂಸಾ ಜಾಸ್ತಿಯೇ ಹಾಕಿದಳು.

ಬೆಳಗ್ಗೆ ಹುಲ್ಲು ಕುಯ್ಯಲು ಕಾಲುವೆ ಗದ್ದೆಗೆ ಹೋದಳು. ಬಸವಯ್ಯನ ಸಮಾಧಿ ಇರುವುದು ಆ ಗದ್ದೆಯ ಬದುವಿನ ಮೇಲೆಯೇ. ದಿನಾ ಅಲ್ಲಿ ನಿಂತು ಮನೆಯ ಸಮಾಚಾರ ಹೇಳುವುದು ಅವಳ ಅಭ್ಯಾಸ. ಹಸು ಗಬ್ಬ ನಿಂತದ್ದು, ಸೊಸೆ ಉಪ್ಪಿಟ್ಟು ಹತ್ತಿಸಿದ್ದು, ಎಲ್ಲ. ಅವತ್ತೂ ಸಡಗರದಲ್ಲಿ ಶುರು ಮಾಡಿದಳು, ಕೇಳಿದ್ರಾ, ಬೇವಿನಮರದ ಹೊಲ ನಮ್ಮದೇ ಅಂತೆ, ಅಂತ. ಮಾತು ಅರ್ಧಕ್ಕೇ ನಿಂತಿತು. ಅದು ನಮ್ಮದು ಅನ್ನುವುದಾದರೆ ಇದು ಚಿಕ್ಕಸ್ವಾಮಿಯದು. ಗಂಡ ಮಲಗಿರುವುದು ಬೇರೆಯವರ ನೆಲದಲ್ಲಿ. ಅವಳ ಕುಡುಗೋಲು ಹುಲ್ಲಿನಲ್ಲೇ ಸಿಕ್ಕಿಕೊಂಡಿತು.

ಅಲ್ಲಿಂದ ಎರಡು ಮನೆಯ ನಡುವೆ ಮಾತು ಬಿದ್ದುಹೋಯಿತು. ಜಗಳವಾಡಿದವರು ಯಾರೂ ಇಲ್ಲ. ಚಿಕ್ಕಸ್ವಾಮಿಯ ಮಗ ರವಿ ಒಂದು ದಿನ ಸ್ನೇಹಿತರನ್ನು ಕರೆತಂದು ಗದ್ದೆಯ ಬದುವಿನ ಮೇಲೆ ಓಡಾಡಿ, ನೀರು ಬರುವ ತೂಬು ತೋರಿಸಿ ಹೋದ. ಅಮೃತೇಶ್ ರಜೆಯ ದಿನ ಬೈಕು ನಿಲ್ಲಿಸಿ ಬೇವಿನಮರದ ಹೊಲವನ್ನು ಕಣ್ತುಂಬ ನೋಡಿದ. ಚಿಕ್ಕಸ್ವಾಮಿಯೋ, ಚನ್ನಾಜಮ್ಮ ಎದುರಾದರೆ ಟವೆಲ್ಲು ಕೊಡವುವ ನೆಪ ಮಾಡಿ ಪಕ್ಕಕ್ಕೆ ತಿರುಗುತ್ತಿದ್ದ. ಚನ್ನಾಜಮ್ಮನ ಬಾಯಲ್ಲಿ ಮನೆಯ ಕೆಲಸ ನಿಂತಿತು. ಡೈರಿಯಲ್ಲಿ ಹೆಂಗಸರು, ಎಲ್ಲಿಗೆ ಬಂತಕ್ಕ, ಬಣ್ಣ ಒಡ್ಸಿದ್ರಾ ಅಂತ ಕಿಚಾಯಿಸಿದರೆ, ಪಾಯದಲ್ಲೇ ನೀರು ಬಂದ್ಬುಡ್ತು ಕಣ್ರವ್ವ ಅಂದು ಕ್ಯಾನು ಎತ್ತಿಕೊಂಡು ಬರುತ್ತಿದ್ದಳು.

ಸಂಕ್ರಾಂತಿ ಬಂತು. ಏನೇ ಆಗಲಿ, ಚಿಕ್ಕಸ್ವಾಮಿಯ ತಾಯಿ ಚಿಕ್ಕಮಾದಮ್ಮನಿಗೆ ಎಳ್ಳು ಬೆಲ್ಲ ಕೊಡದೆ ಹಬ್ಬ ಮಾಡುವುದು ಹೇಗೆ? ಮುದುಕಿ ಜಗಲಿಯ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತಿತ್ತು. ಎಳ್ಳು ಬಾಯಿಗೆ ಹಾಕಿಕೊಂಡು, ಹಲ್ಲಿಲ್ಲದ ಬಾಯಲ್ಲಿ ಬೆಲ್ಲ ಚೀಪುತ್ತಾ ಕೇಳಿತು:

"ಬಸವಯ್ಯ ಓದ್ಮೇಲೆ ನಿಮ್ಮನೆ ಆರು ನಮ್ಮ ಒಲಕ್ಕೆ ಬರ್ನೇ ಇಲ್ವಲ್ಲವ್ವ, ಯಾಕೆ?"

ಆರು ಅಂದರೆ ನೊಗ ಕಟ್ಟಿದ ಜೋಡಿ ಎತ್ತು. ಯುಗಾದಿ ಬೆಳಗ್ಗೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ನೇಗಿಲಿಗೆ ಪೂಜೆ ಮಾಡಿ, ವರ್ಷದ ಮೊದಲ ಸಾಲು ಉಳುವುದನ್ನು ಈ ಕಡೆ ಹೊನ್ನಾರು ಅನ್ನುತ್ತಾರೆ. ಎಲ್ಲರೂ ಅವರವರ ಹೊಲದಲ್ಲಿ ಉಳುತ್ತಾರೆ. ಈ ಎರಡು ಮನೆಯವರದು ಮಾತ್ರ ತಿರುವುಮುರುವು. ಬಸವಯ್ಯನ ಎತ್ತು ಮೊದಲು ಬೇವಿನಮರದ ಹೊಲದಲ್ಲಿ ಒಂದು ಸಾಲು ಎಳೆಯುತ್ತಿತ್ತು. ಆಮೇಲೆ ಬಸವಯ್ಯ ಬಾರುಕೋಲನ್ನು ಚಿಕ್ಕಸ್ವಾಮಿಯ ಕೈಗೆ ಕೊಡುತ್ತಿದ್ದ. ಚಿಕ್ಕಸ್ವಾಮಿಯ ಎತ್ತು ಕಾಲುವೆ ಗದ್ದೆಗೆ ಬಂದು ಒಂದು ಸಾಲು ಎಳೆದ ಮೇಲೆ ಅವನೂ ಹಾಗೆಯೇ ಮಾಡುತ್ತಿದ್ದ. ಸ್ನೇಹಕ್ಕೆ ಮಾಡುತ್ತಾರೆ ಅಂತ ಊರವರು ಅಂದುಕೊಂಡಿದ್ದರು. ಮಾಡುತ್ತಿದ್ದವರೂ ಹಾಗೇ ಅಂದುಕೊಂಡಿದ್ದರು. ಬಸವಯ್ಯ ಹೋದ ಮೇಲೆ ಎತ್ತು ಮಾರಿದ್ದಾಯಿತು, ಇವರು ನಿಲ್ಲಿಸಿದರು. ಇವರು ನಿಲ್ಲಿಸಿದ್ದಕ್ಕೆ ಅವರೂ ನಿಲ್ಲಿಸಿದರು.

ಚಿಕ್ಕಮಾದಮ್ಮ ಮದುವೆಯಾಗಿ ಬಂದಾಗ ಅವಳ ಮಾವ ಹೇಳಿದ್ದರಂತೆ. ಎರಡೂ ಆಗ ಒಣಭೂಮಿಯೇ, ಕಾಲುವೆ ಇನ್ನೂ ಬಂದಿರಲಿಲ್ಲ. ಬಂಡಿ ನಿಲ್ಲಿಸಲು ರಸ್ತೆಬದಿ ಬೇಕು ಅಂತ ಚಿಕ್ಕಸ್ವಾಮಿಯ ತಾತ, ನಮ್ಮ ಬಾವಿಗೆ ಹತ್ತಿರದ್ದು ಬೇಕು ಅಂತ ಮಹದೇವಯ್ಯ, ಬೇವಿನಮರದ ಕೆಳಗೆ ಒಬ್ಬರ ಟವೆಲ್ಲಿಗೆ ಇನ್ನೊಬ್ಬರು ಹಿಡಿ ಮಣ್ಣು ಹಾಕಿ ಅದಲು ಬದಲು ಮಾಡಿಕೊಂಡರು. ಬರೆಯಲಿಲ್ಲ. ಅದರ ಬದಲು ಒಂದು ಕಟ್ಟಳೆ ಮಾಡಿದರು. ಪ್ರತಿ ಯುಗಾದಿಗೂ ಮೊದಲು ತಮ್ಮದಾಗಿದ್ದ ನೆಲದಲ್ಲಿ ಒಂದು ಸಾಲು ಉತ್ತು, ಬಾರುಕೋಲನ್ನು ಇನ್ನೊಬ್ಬರ ಕೈಗೆ ಕೊಡಬೇಕು.

"ಕೊಟ್ಟೆ ಅಂತ ವರ್ಸ ವರ್ಸವೂ ಏಳ್ತಾ ಇರ್ಬೇಕು ಕಣವ್ವ. ಏಳೋದ ಬಿಟ್ರೆ ಮಕ್ಳು ಮರ್ತ್ಬುಡ್ತವೆ."

ಇದನ್ನು ಮಗನಿಗೆ ಹೇಳಿದ್ದೀಯಾ ಅಂತ ಚನ್ನಾಜಮ್ಮ ಕೇಳಿದಳು. ಅವನು ಕೇಳಲಿಲ್ಲ, ನಾನು ಹೇಳಲಿಲ್ಲ ಅಂದಿತು ಮುದುಕಿ, ಇನ್ನೊಂದು ಚೂರು ಬೆಲ್ಲಕ್ಕೆ ಕೈ ಚಾಚುತ್ತಾ. ಚನ್ನಾಜಮ್ಮ ಡಬ್ಬಿಯನ್ನೇ ಮಡಿಲಿಗೆ ಸುರಿದು ಎದ್ದಳು.

ಮಾರನೆಯ ದಿನವೇ ತಿ. ನರಸೀಪುರದ ಬಸ್ಸು ಹತ್ತಿದಳು. ಅಲ್ಲಿಂದ ಇನ್ನೊಂದು ಬಸ್ಸಿಗೆ ಅವಳ ತವರು. ತಮ್ಮ ಸೋಮಶೇಖರ್ ಉಳುವುದೆಲ್ಲ ಟ್ರಾಕ್ಟರಿನಲ್ಲಾದರೂ, ಮನೆ ಮುಂದೆ ಇರಲಿ ಅಂತ ಒಂದು ಜೊತೆ ಬಿಳಿ ಎತ್ತು ಸಾಕಿದ್ದ. ಯುಗಾದಿಗೆ ಎತ್ತು ಬೇಕು ಅಂದಳು.

"ಎತ್ತು ಕೊಡ್ತೀನಿ, ನೇಗ್ಲು ಇಡ್ಯೋರ್ಯಾರು? ನಿನ್ ಮಗ ಕಾರ್ಖಾನೇಲಿ ನಟ್ಟು ತಿರುಗ್ಸೋನು. ಎತ್ತಿಗೂ ಬ್ರೇಕ್ ಎಲ್ಲಿದೆ ಅಂತ ಕೇಳ್ತಾನೆ."

"ನಾನೇ ಇಡೀತೀನಿ."

ಅವನು ಹೊಟ್ಟೆ ಹಿಡಿದು ನಕ್ಕ. ನಕ್ಕು ಮುಗಿಸಿ ನೋಡಿದರೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲದಲ್ಲಿ ನಿಂತಿದ್ದಾಳೆ. ಅವತ್ತೇ ಕಲಿಸಿದ. ಒಂದು ಸಲ ನೇಗಿಲು ಹಾರಿ ಅವಳು ಕೆಸರಲ್ಲಿ ಕೂತಳು, ಎತ್ತುಗಳು ಹಿಂದಿರುಗಿ ನೋಡಿದವು. ಎದ್ದು, ನೋಡೋದೇನು ನಡೀರ್ರಪ್ಪ ಅಂದಳು. ಆಮೇಲೆ ವಾರಕ್ಕೊಮ್ಮೆ ತವರಿಗೆ ಹೋಗಿ ಬಂದಳು. ಡೈರಿಯಲ್ಲಿ ಅವಳ ಮನೆಯ ಗೋಡೆ ಮತ್ತೆ ಏಳತೊಡಗಿತು.

ಸಂಗತಿ ಗೊತ್ತಾದಾಗ ಅಮೃತೇಶ್ ತಲೆ ಮೇಲೆ ಕೈ ಹೊತ್ತ. ನೀನು ಊರ ಮುಂದೆ ಬೇವಿನಮರದ ಹೊಲ ಕೊಟ್ಟೆ ಅಂದುಬಿಟ್ಟು, ಅವರು ಕಾಲುವೆ ಗದ್ದೆ ಕೊಡದೆ ಹೋದರೆ ಎರಡೂ ಹೋಯಿತಲ್ಲವ್ವ ಅಂದ. ಸುಳ್ಳೇನಲ್ಲ. ಅವಳಿಗೂ ಅದೇ ಭಯವಿತ್ತು.

"ಮೊದ್ಲು ಕೊಡೋರು ಒಬ್ಬರಾದ್ರೂ ಇರ್ಬೇಕಲ್ಲಪ್ಪ. ನಿಮ್ಮಪ್ಪನ ಬಿಟ್ಟು ನಾನು ರೋಡಿಗೆ ಓಗಿ ಮನೆ ಕಟ್ಟೋದಾ?"

ನಂದಿತಾ ಅಷ್ಟರಲ್ಲಿ ಅಟ್ಟ ಹತ್ತಿ ಮಾವನ ನೇಗಿಲಿನ ದೂಳು ಒರೆಸುತ್ತಿದ್ದಳು.

ಯುಗಾದಿಯ ಹಿಂದಿನ ದಿನ ಎತ್ತುಗಳು ಗೂಡ್ಸ್ ಗಾಡಿಯಲ್ಲಿ ಬಂದಿಳಿದವು. ಬೀದಿಗೆ ಬೀದಿಯೇ ಆಚೆ ಬಂತು. ಬೆಳಗ್ಗೆ ಕೊಂಬಿಗೆ ಕೆಂಪು ಹಸಿರು ಬಣ್ಣ, ಕೊರಳಿಗೆ ಗಗ್ಗರ, ನಂದಿತಾ ಕಟ್ಟಿದ ಚೆಂಡುಹೂವಿನ ಹಾರ. ಮುಂದೆ ಎತ್ತು, ಹಿಂದೆ ಚನ್ನಾಜಮ್ಮ, ಅವಳ ಹಿಂದೆ ಅರ್ಧ ಊರು. ಬೇವಿನಮರದ ಕೆಳಗೆ ಚಿಕ್ಕಸ್ವಾಮಿ ತನ್ನ ಎತ್ತು ಕಟ್ಟಿಕೊಂಡು ನಿಂತಿದ್ದ. ಪಕ್ಕದಲ್ಲಿ ರವಿ. ಕುರ್ಚಿಯಲ್ಲಿ ಚಿಕ್ಕಮಾದಮ್ಮ, ಮೊಮ್ಮಗನ ಬೈಕಿನ ಹಿಂದೆ ಕೂತು ಬಂದಿತ್ತು. ಮೆರವಣಿಗೆ ನೋಡಿ ಚಿಕ್ಕಸ್ವಾಮಿಯ ಮುಖ ಬಿಳಿಚಿಕೊಂಡಿತು. ಹೊಲ ಬಿಡಿಸಿಕೊಳ್ಳಲು ಬಂದರು ಅಂದುಕೊಂಡ.

ಚನ್ನಾಜಮ್ಮ ನೇಗಿಲು ಊರಿ ಎತ್ತು ಹೊಡೆದಳು. ಸಾಲು ನೆಟ್ಟಗೆ ಹೋಗಲಿಲ್ಲ. ಹಿಂದಿನಿಂದ ಯಾರೋ, ಅಕ್ಕಾ, ಸಾಲು ಸಂತೆ ಮುಗ್ಸ್ಕೊಂಡು ಬಂದೋರ್ ತರ ಓಯ್ತಾ ಅದೆ ಅಂದರು. ಅವಳೂ ನಕ್ಕಳು. ಹೊಲದ ಕೊನೆ ಮುಟ್ಟಿ ತಿರುಗಿ ಬಂದು, ಬಾರುಕೋಲನ್ನು ಸೆರಗಿನಲ್ಲಿ ಒರೆಸಿ ಚಿಕ್ಕಸ್ವಾಮಿಯ ಮುಂದೆ ಹಿಡಿದಳು.

"ನಮ್ ಮಾವ ಕೊಟ್ಟಿದ್ರು. ನನ್ ಯಜಮಾನ್ರು ಕೊಡ್ತಾ ಇದ್ರು. ಈಗ ನಾನು ಕೊಡ್ತಾ ಇವ್ನಿ. ತಕೊ ಚಿಕ್ಕಸ್ವಾಮಿ."

ಅವನು ಕೈ ಚಾಚಲಿಲ್ಲ. ರವಿಯ ಮುಖ ನೋಡಿದ, ತಾಯಿಯ ಮುಖ ನೋಡಿದ.

"ತಕೊಳ್ಳಲಾ," ಅಂದಿತು ಮುದುಕಿ. "ನಿಮ್ ತಾತ ತಕೊಂಡಿದ್ದು ಇಂಗೇಯ. ಬೇವು ಬೆಲ್ಲಕ್ಕೆ ಒತ್ತಾಯ್ತು."

ತೆಗೆದುಕೊಂಡ. ತೆಗೆದುಕೊಂಡವನು ತನ್ನ ಎತ್ತುಗಳನ್ನು ಕಾಲುವೆಯ ದಾರಿಗೆ ತಿರುಗಿಸಿದ. ಕೊಡಲು ಹೊರಟನೋ, ನನ್ನದು ಅನ್ನಲು ಹೊರಟನೋ, ಮುಖ ನೋಡಿದರೆ ತಿಳಿಯುವ ಹಾಗಿರಲಿಲ್ಲ. ಚನ್ನಾಜಮ್ಮ ಮಣ್ಣುಗಾಲಲ್ಲೇ ಹಿಂದೆ ಓಡಿದಳು.

ಕಾಲುವೆ ಗದ್ದೆಯ ಈ ತುದಿಯಿಂದ ನೇಗಿಲು ಊರಿದ. ಅವನದು ಕೈ ಪಳಗಿದ ಸಾಲು, ದಾರ ಹಿಡಿದ ಹಾಗೆ ಹೋಯಿತು. ಬಸವಯ್ಯನ ಸಮಾಧಿ ಹತ್ತಿರವಾದಾಗ ಎತ್ತುಗಳನ್ನು ತಡೆದು, ನೇಗಿಲು ಬಿಟ್ಟು, ಬದು ಹತ್ತಿ ಕಲ್ಲು ಮುಟ್ಟಿದ.

"ಅಣ್ಣಾ, ಒಸಿ ತಡ ಆಯ್ತು."

ತಿರುಗಿ ತನ್ನ ಬಾರುಕೋಲನ್ನು ಚನ್ನಾಜಮ್ಮನಿಗೆ ಚಾಚಿದ. ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಗ ಮನಸ್ಸು ಬಿಚ್ಚಿದ ಅವನು. ಬೇವಿನಮರದ ಹೊಲದಲ್ಲಿ ತಾನು ಹಾಕಿಸಿದ ಶೆಡ್ಡು, ಬೋರ್‌ವೆಲ್ಲು ಎಲ್ಲ ಕಿತ್ತುಕೊಂಡು ಹೋಗು ಅಂತೀರೇನೋ ಅಂತ ಇಷ್ಟು ತಿಂಗಳೂ ಹೆದರಿದ್ದನಂತೆ.

"ಡೈರಿ ತಾವ ನೀವು ಮನೆ ಮಾತು ನಿಲ್ಲಿಸ್ಬುಟ್ರಿ ನೋಡಿ ಅತ್ಗೆ, ಆಗ್ಲೇ ನಂಗೆ ದಿಗಿಲಾಗಿದ್ದು. ನೀವು ಸುಮ್ಕಿದ್ದಿದ್ದ ನಾನ್ ಯಾವತ್ತೂ ಕಂಡಿಲ್ಲ."

ರವಿ ಎತ್ತಿನ ಹಗ್ಗ ಹಿಡಿದು ನಿಂತಿದ್ದವನು, ಇದನ್ನೆಲ್ಲ ಕಾಗದ ಮಾಡಿಸಬೇಕು, ಇಲ್ಲದಿದ್ದರೆ ನನ್ನ ಮಕ್ಕಳು ಮತ್ತೆ ಸರ್ವೇಯರನ್ನು ಕರೆಸುತ್ತಾರೆ ಅಂದ. ಅಮೃತೇಶ್ ಹೂಂಗುಟ್ಟಿದ. ಇಬ್ಬರೂ ಮೊದಲ ಸಲ ಒಂದೇ ಮಾತಿಗೆ ತಲೆಯಾಡಿಸಿದರು. ನಂಜನಗೂಡಿನ ನೋಂದಣಿ ಕಚೇರಿಗೆ ಎರಡು ಮನೆಯವರೂ ಒಂದೇ ಗಾಡಿಯಲ್ಲಿ ಹೋಗಿ ಅದಲು ಬದಲು ಬರೆಸಿದ್ದು, ಮೂಲೆಯ ಜಾಗವನ್ನು ಅವಳು ಅವತ್ತೇ ಕ್ರಯಕ್ಕೆ ಪಡೆದದ್ದು, ತನ್ನದಾಗಿದ್ದದ್ದನ್ನ ತಾನೇ ಕೊಂಡಳು ಅಂತ ಊರು ನಕ್ಕದ್ದು, ಅದೆಲ್ಲ ಹಬ್ಬ ಕಳೆದ ಮೇಲಿನ ಮಾತು.

ಅವತ್ತು ಮಾತ್ರ ಚಿಕ್ಕಸ್ವಾಮಿ ಎತ್ತುಗಳನ್ನು ಬಿಚ್ಚಲಿಲ್ಲ. ವಾಪಸು ಬೇವಿನಮರದ ಹೊಲಕ್ಕೆ ಬಂದು, ರಸ್ತೆಬದಿಯ ಮೂಲೆಯಲ್ಲಿ ನೇಗಿಲು ಊರಿ, ಉದ್ದಕ್ಕೆ ಒಂದು ಸಾಲು, ಅಡ್ಡಕ್ಕೆ ಒಂದು ಸಾಲು, ಮತ್ತೆ ಉದ್ದ, ಮತ್ತೆ ಅಡ್ಡ ಎಳೆದ. ಕೆಂಪು ಮಣ್ಣಿನ ಮೇಲೆ ಒಂದು ಮನೆಯ ಗುರುತು ಮೂಡಿತು. ಇದರೊಳಗೆ ನಿಮ್ಮ ಮನೆ ಅತ್ಗೆ ಅಂದ. ನಂದಿತಾ ಆಗಲೇ ಗೆರೆ ದಾಟಿ ಒಳಗೆ ಹೋಗಿ, ಇಲ್ಲಿ ಅಡುಗೆಮನೆ ಅಂತ ನಿಂತುಕೊಂಡಳು. ಚನ್ನಾಜಮ್ಮ ಬೇವು ಬೆಲ್ಲದ ತಟ್ಟೆ ಹಿಡಿದುಕೊಂಡೇ ಆ ಗೆರೆಯ ಸುತ್ತ ಒಂದು ಸುತ್ತು ಬಂದು, ತಲೆ ಓರೆ ಮಾಡಿ ನೋಡಿದಳು.

"ಎತ್ತು ಬಿಚ್ಬೇಡ ತಡಿಯಪ್ಪ, ಇನ್ನೊಂಚೂರು ಆ ಕಡಿಕ್ಕೆ ತಿರುಗ್ಸು. ನಮ್ ಅಸ್ಗಳ ಕೊಟ್ಟಿಗೆ ಗೆರೆ ಆಚೇಲೇ ಉಳ್ಕೊಂಡದೆ."