ಹೊಸ ಕೇಸು: ಹೌದು ಅಥವಾ ಇಲ್ಲ

ತಿರುವನಂತಪುರದ ಪ್ರೊಬೇಷನ್ ಕಚೇರಿಯಲ್ಲಿ ನನ್ನನ್ನು ಹೊಗಳಿದ್ದು ಒಂದೇ ಸಲ, ಅದೂ ಒಂದು ಫಾರ್ಮಿಗಾಗಿ. ಜೈಲಿನಿಂದ ಬಿಡುಗಡೆಯಾದವರು ಮತ್ತೆ ಅಪರಾಧಕ್ಕೆ ಇಳಿಯುತ್ತಾರೋ ಇಲ್ಲವೋ ಎಂದು ತಿಂಗಳು ತಿಂಗಳೂ ನೋಡಿ ಬರೆದಿಡುವ ಫಾರ್ಮು. ಮೊದಲೆಲ್ಲ ನಾವು ಫೋನ್ ಮಾಡಿ ಕೇಳುತ್ತಿದ್ದೆವು. ಅವರು ಸುಖ ಎನ್ನುತ್ತಿದ್ದರು, ನಾವು ಸುಖ ಎಂದು ಬರೆದುಕೊಳ್ಳುತ್ತಿದ್ದೆವು. ಇದೆಂಥ ಅಳತೆ ಎಂದು ನನಗೆ ಮೈ ಉರಿಯುತ್ತಿತ್ತು. ನಾನು ಕಾಸರಗೋಡಿನ ಲೆಕ್ಕದ ಮೇಷ್ಟ್ರ ಮಗಳು. ಬಾಯಿಮಾತಿಗೆ ಅಂಕ ಕೊಡುವ ಮನೆಯಲ್ಲಿ ಬೆಳೆದವಳಲ್ಲ. ಹಾಗಾಗಿ ಒಂದು ಸಾಲು ಸೇರಿಸಿದೆ: ಆಯಾ ಊರಿನ ಠಾಣೆಯವರು ಬಿಡುಗಡೆಯಾದವನು ಕೆಲಸ ಮಾಡುವ ಜಾಗಕ್ಕೇ ಹೋಗಿ, ಕಣ್ಣಾರೆ ನೋಡಿ, ಸಹಿ ಹಾಕಬೇಕು. ಮೇಲಧಿಕಾರಿ ಭೇಷ್ ಎಂದರು. ಅವತ್ತು ಮನೆಗೆ ಹಲ್ವ ಕಟ್ಟಿಸಿಕೊಂಡು ಹೋದೆ.

ಅದಕ್ಕೆ ಮೊದಲು ನಾನು ಕೊಚ್ಚಿಯಲ್ಲಿ ಪ್ರೊಬೇಷನ್ ಅಧಿಕಾರಿಯಾಗಿದ್ದೆ. ಬಿಡುಗಡೆಯಾದವರಿಗೆ ಕೆಲಸ, ಉಳಿಯಲು ಜಾಗ ಹುಡುಕಿಕೊಡುವುದು ನನ್ನ ಪಾಲಿಗಿತ್ತು. ಅವರಲ್ಲಿ ಒಬ್ಬ ನಮ್ಮ ಕಡೆಯವನು, ಮಂಜೇಶ್ವರದವನು. ಜಗಳದಲ್ಲಿ ಒಬ್ಬನಿಗೆ ಚೂರಿ ಹಾಕಿ ಆರು ವರ್ಷ ಒಳಗಿದ್ದು ಬಂದಿದ್ದ. ನನ್ನ ಮಗಳೇ ಮನೆಯಲ್ಲಿ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಾಗ, ಆ ಊರಿನಲ್ಲಿ ನನ್ನ ಹತ್ತಿರ ಬಾಯಿತುಂಬ ಕನ್ನಡ ಮಾತಾಡುತ್ತಿದ್ದವನು ಜೈಲಿನಿಂದ ಬಂದ ಇವನೊಬ್ಬನೇ. ಒಳಗೆ ಚಪಾತಿ ಮಾಡಲು ಕಲಿತಿದ್ದ. ಮಟ್ಟಾಂಚೇರಿಯ ಒಂದು ಸಣ್ಣ ಹೋಟೆಲಿಗೆ ಸೇರಿಸಿದೆ. ಅಡುಗೆಮನೆಯ ಮೇಲೆಯೇ ಮಲಗಲು ಒಂದು ಕೋಣೆ. ಎಲ್ಲಿ ಕಲಿತದ್ದು ಎಂದು ಮಾಲೀಕರು ಕೇಳಿದಾಗ, ಅವನು ಬಾಯಿ ತೆರೆಯುವ ಮೊದಲೇ ನಾನು ಮುಂದೆ ಬಿದ್ದು, "ಮಂಗಳೂರಿನಲ್ಲಿ" ಎಂದಿದ್ದೆ.

ಫಾರ್ಮಿಗೆ ಆ ಸಾಲು ಸೇರಿಸುವಾಗ ಈ ಸುಳ್ಳು ನನಗೆ ನೆನಪೇ ಆಗಲಿಲ್ಲ. ಅಲ್ಲಿ ಮುಚ್ಚಿಟ್ಟು ಬಂದದ್ದನ್ನು ಬಿಚ್ಚಲು ಇಲ್ಲಿಂದ ನಾನೇ ಪೊಲೀಸರನ್ನು ಕಳಿಸಿದೆ.

ಊಟದ ಹೊತ್ತಿಗೆ ಯೂನಿಫಾರ್ಮಿನಲ್ಲೇ ಒಬ್ಬರು ಆ ಹೋಟೆಲಿಗೆ ಹೋಗಿದ್ದರು. ಅವರದೇನೂ ತಪ್ಪಿಲ್ಲ, ನಾನು ಬರೆದಂತೆ ಮಾಡಿದರು. ಗಲ್ಲಾಪೆಟ್ಟಿಗೆಯ ಮೇಲೆ ಫಾರ್ಮು ಇಟ್ಟು, 'ಬಿಡುಗಡೆಯಾದ ಕೈದಿ' ಎಂಬ ತಲೆಬರಹದ ಕೆಳಗಿದ್ದ ಹೆಸರನ್ನು ಗಟ್ಟಿಯಾಗಿ ಓದಿದರಂತೆ. ಚಪಾತಿ ಕಾಯಿಸುತ್ತಿದ್ದವನು ಕೈ ಒರೆಸಿಕೊಂಡು ಹೊರಗೆ ಬಂದ. ಸಂಜೆಗೆ ಕೆಲಸವೂ ಹೋಯಿತು, ಕೋಣೆಯೂ ಹೋಯಿತು. ನನ್ನ ಕೈಗೆ ಬಂದ ಫಾರ್ಮಿನಲ್ಲಿ ಮಾತ್ರ 'ಕೆಲಸದಲ್ಲಿದ್ದಾನೆ, ಖುದ್ದು ನೋಡಿದೆ' ಎಂದಿತ್ತು. ನಾನು ಖುಷಿಯಿಂದ ಅದನ್ನು ಯಶಸ್ಸಿನ ಪಟ್ಟಿಗೆ ಸೇರಿಸಿದೆ.

ಎರಡು ವಾರದ ಮೇಲೆ ಅವನ ಫೋನು ಬಂದಾಗಲೇ ನನಗೆ ಇದೆಲ್ಲ ತಿಳಿದದ್ದು.

"ಬೋಟು ಜೆಟ್ಟಿಯಲ್ಲಿ ಮಲಗ್ತಾ ಇದ್ದೆ ಅಕ್ಕ. ಅನುಮಾನ ಅಂತ ಹಿಡ್ಕೊಂಡು ಹೋಗಿ ಒಂದು ಕೇಸು ಹಾಕಿದ್ರು. ಜಾಮೀನು ಸಿಕ್ಕಿತು."

"ಎಂತದ್ದು ಮಾರಾಯ, ಮೊದ್ಲೇ ಒಂದು ಫೋನ್ ಮಾಡ್ಲಿಕ್ಕೆ ಆಗ್ಲಿಲ್ವಾ ನಿಂಗೆ?"

"ಫಾರ್ಮಲ್ಲಿ ನಿಮ್ಮದೇ ಸಹಿ ಉಂಟಲ್ಲ. ನೀವೇ ಕಳ್ಸಿದ್ದು ಅಂತ ಎಣಿಸಿದೆ."

ಅವನೇ ಮುಂದುವರಿಸಿದ. ಬಿಡುಗಡೆಯಾದವರನ್ನು ಇಟ್ಟುಕೊಳ್ಳುವ ಹಾಸ್ಟೆಲೊಂದು ಕೊಚ್ಚಿಯಲ್ಲಿತ್ತು. ಅಲ್ಲಿ ಒಂದು ಹಾಸಿಗೆ ಖಾಲಿ ಇತ್ತು. ಹೊಸ ಕೇಸು ಇದ್ದವರಿಗೆ ಕೊಡುವುದಿಲ್ಲ. "ಈ ಸಲ ಒಂದು 'ಇಲ್ಲ' ಅಂತ ಹಾಕಿ ಅಕ್ಕ. ಅಷ್ಟೇ ಸಾಕು."

'ಹೊಸ ಕೇಸು' ಎಂಬ ಕಾಲಮ್ಮಿಗೆ ಹೌದು, ಇಲ್ಲ ಎಂಬ ಎರಡೇ ಚೌಕ ಇಟ್ಟವಳು ನಾನು. 'ಇಲ್ಲ' ಎಂದರೆ ಠಾಣೆಯ ದಾಖಲೆಯ ಮುಂದೆ ನನ್ನ ಸುಳ್ಳು ಒಂದೇ ದಿನದಲ್ಲಿ ಬಯಲಾಗುತ್ತಿತ್ತು. ಮೇಲಧಿಕಾರಿಯ ಬಳಿ ಓಡಿದೆ. ಕಾರಣ ಬರೆಯಲು ಒಂದು ಸಾಲು ಬೇಕು, ಕೇಸು ಬಿದ್ದ ಮಾತ್ರಕ್ಕೆ ಅಪರಾಧ ಆಗುವುದಿಲ್ಲ ಎಂದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು.

"ಒಳ್ಳೇ ಸಲಹೆ ಮೇಡಂ. ಮುಂದಿನ ವರ್ಷ ನೋಡೋಣ. ಬಾಯಿಮಾತು ಬೇಡ ಅಂದದ್ದು ನೀವೇ ಅಲ್ವಾ?"

ಎರಡು ದಿನ ಆ ಚೌಕಗಳ ಮುಂದೆ ಕೂತೆ. ಊಟ ಸೇರಲಿಲ್ಲ. ಮೂರನೆಯ ದಿನ 'ಹೌದು' ಎಂದು ಗುರುತು ಹಾಕಿದೆ. ನಿಯಮಕ್ಕೆ ತಲೆಬಾಗಿದೆ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಅದಲ್ಲ, ಕೆಲಸ ಹೋದೀತೆಂದು ಹೆದರಿದೆ.

ಹಾಸಿಗೆ ಸಿಗಲಿಲ್ಲ. ವಿಳಾಸವಿಲ್ಲದವನಿಗೆ ಸಮನ್ಸ್ ತಲುಪುವುದಾದರೂ ಎಲ್ಲಿಗೆ? ಕೋರ್ಟಿನ ದಿನ ತಪ್ಪಿತು, ವಾರಂಟ್ ಆಯಿತು, ಅವನು ಒಳಗೆ ಹೋದ. ರಜೆ ಹಾಕಿ ನೋಡಲು ಹೋದೆ. ಬೈಯಲಿ ಎಂದೇ ಹೋಗಿದ್ದೆ, ಅವನು ಬೈಯಲಿಲ್ಲ. ಊಟ ಆಯ್ತಾ ಅಕ್ಕ ಎಂದು ಕೇಳಿದ. ಮತ್ತೆ ಚಪಾತಿ ಕೆಲಸಕ್ಕೇ ಹಾಕಿದ್ದಾರಂತೆ.

"ನೀವು ಬೇಜಾರು ಮಾಡ್ಬೇಡಿ. ಇಲ್ಲಿ ನಾನು ಯಾರು ಅಂತ ಎಲ್ಲರಿಗೂ ಗೊತ್ತುಂಟು. ಯಾರಾದ್ರೂ ಬಂದು ಹೇಳ್ತಾರೆ ಅಂತ ಹೆದರ್ಲಿಕ್ಕೆ ಇಲ್ಲ."

ಆ ತಿಂಗಳು ಅವನ ಫಾರ್ಮು ಜೈಲಿನಿಂದ ಎಲ್ಲರದಕ್ಕಿಂತ ಮೊದಲು ಬಂತು. ವಿಳಾಸ ಇತ್ತು, ಕೆಲಸ ಇತ್ತು, ಕಣ್ಣಾರೆ ನೋಡಿದವರ ಸಹಿ ಇತ್ತು. ಒಂದು ಕಾಲಮ್ಮೂ ಖಾಲಿ ಇರಲಿಲ್ಲ. ಪರಿಶೀಲಿಸಿದೆ ಎಂದು ನಾನು ಕೆಳಗೆ ಸಹಿ ಹಾಕಿದೆ.